ನನ್ನ ಸಂಬಳ ನಾನೇ ಬರೆದುಕೊಂಡ ದಿನ

(ಮಹಿಳಾ ವೇದಿಕೆಯ ಕುರ್ಲಾ ಸಭೆಯಲ್ಲಿ ಸ್ವಂತ ಉದ್ಯೋಗದ ಬಗ್ಗೆ ಆಡಿದ ಮಾತುಗಳ ಬರಹರೂಪ)



ನನಗೆ ಭಾಷಣ ಮಾಡಿ ಅಭ್ಯಾಸವಿಲ್ಲ. ಇಪ್ಪತ್ತೆಂಟು ವರ್ಷಗಳಿಂದ ಹೊಲಿಗೆ ಮೆಷಿನಿನ ಮುಂದೆ ಕೂತವಳು. ನಮ್ಮ ಕೆಲಸದಲ್ಲಿ ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡಿರುವುದೇ ಹೆಚ್ಚು, ಮಾತು ಕಡಿಮೆ. ಅಧ್ಯಕ್ಷೆ ಅಕ್ಕ ಫೋನ್ ಮಾಡಿ, "ಸ್ವಂತ ಉದ್ಯೋಗದ ಒಳಿತು-ಕೆಡುಕಿನ ಬಗ್ಗೆ ನೀವು ಮಾತಾಡಬೇಕು, ಆಮಂತ್ರಣದಲ್ಲಿ ‘ಯಶಸ್ವಿ ಮಹಿಳಾ ಉದ್ಯಮಿ’ ಎಂದು ಹಾಕುತ್ತೇವೆ" ಎಂದರು. "ಅಕ್ಕಾ, ಟೈಲರ್ ಎಂದೇ ಹಾಕಿ" ಎಂದೆ. ಅವರು ನಕ್ಕರು. ಆದರೆ ಆ ಒಂದು ಶಬ್ದವನ್ನು ನನ್ನ ಹೆಸರಿನ ಜೊತೆ ಬರೆದುಕೊಳ್ಳಲು ನನಗೆ ಹದಿನೇಳು ವರ್ಷ ಬೇಕಾಯಿತು. ಇವತ್ತು ನಾನು ಹೇಳುವುದು ಅದೇ ಕಥೆ.

ನನ್ನ ತವರು ಉಡುಪಿ ಜಿಲ್ಲೆಯ ಶಂಕರಪುರದ ಹತ್ತಿರ. ನಿಮ್ಮಲ್ಲಿ ಅರ್ಧ ಮಂದಿಗಾದರೂ ಆ ಹೆಸರು ಕೇಳಿದ ಕೂಡಲೇ ಮಲ್ಲಿಗೆ ನೆನಪಾಗಿರಬೇಕು. ನಮ್ಮಮ್ಮ ಮನೆಯ ಹಿತ್ತಲಲ್ಲಿ ಮಲ್ಲಿಗೆ ಬೆಳೆದವಳು. ಬೆಳಕು ಹರಿಯುವ ಮೊದಲೇ ಎದ್ದು ಮೊಗ್ಗು ಕೊಯ್ಯಬೇಕು, ಬಾಳೆನಾರಿನಲ್ಲಿ ಕಟ್ಟಬೇಕು. ನಾಲ್ಕು ಚೆಂಡು ಸೇರಿದರೆ ಒಂದು ಅಟ್ಟೆ. ಕಟ್ಟಿ ಮುಗಿಸಿ ಕಟ್ಟೆಗೆ ಕಳುಹಿಸಿದ ಮೇಲೆ ಆ ದಿನದ ದರ ಎಷ್ಟು ಎಂದು ಗೊತ್ತಾಗುತ್ತಿತ್ತು. ಮದುವೆ ಸೀಸನ್ನಿನಲ್ಲಿ ದರ ಆಕಾಶಕ್ಕೆ, ಆಟಿ ತಿಂಗಳಲ್ಲಿ ಪಾತಾಳಕ್ಕೆ. ಅಮ್ಮ ಮಾತ್ರ ಎರಡು ದಿನವೂ ಅಷ್ಟೇ ಬೇಗ ಏಳುತ್ತಿದ್ದಳು. ತನ್ನ ಹೂವಿನ ದರ ತಾನು ಹೇಳಿದ್ದನ್ನು ನಾನು ಒಂದು ದಿನವೂ ಕಾಣಲಿಲ್ಲ. ಆ ದುಡ್ಡಿನಲ್ಲೇ ನನ್ನ ಹೊಲಿಗೆ ಕ್ಲಾಸಿನ ಫೀಸು ಕಟ್ಟಿದಳು. 1994ರಲ್ಲಿ ಮದುವೆಯಾಗಿ ಕುರ್ಲಾಕ್ಕೆ ಬಂದೆ. ಆಗ ಇನ್ನೂ ಕೊಂಕಣ ರೈಲು ಇರಲಿಲ್ಲ, ಘಟ್ಟ ಹತ್ತಿ ಇಳಿದು ಬಸ್ಸಿನಲ್ಲೇ ಬರಬೇಕು. ಎರಡು ವರ್ಷದ ನಂತರ ಅಮ್ಮ ಮಲ್ಲಿಗೆಯ ದುಡ್ಡು ಕೂಡಿಸಿ ಕಳುಹಿಸಿದಳು, ಅದರಲ್ಲಿ ಒಂದು ಕಾಲಿನ ಮೆಷಿನ್ ತೆಗೆದುಕೊಂಡೆ. ಕುರ್ಲಾ ಪೂರ್ವದ ನೆಲಮಹಡಿಯ ಒಂದು ಕೋಣೆ-ಅಡುಗೆಮನೆಯ ಮನೆ. ಕಿಟಕಿಯ ಪಕ್ಕ ಮೆಷಿನ್ ಇಟ್ಟೆ. ಮೊದಲ ಕೆಲಸ ಪಕ್ಕದ ಮನೆಯ ಮಾವ್ಶಿಯ ಸೀರೆಗೆ ಫಾಲ್ ಹಾಕುವುದು.

ಮುಂಬಯಿಗೆ ಬಂದ ನಮ್ಮವರಿಗೆ ಸ್ವಂತ ಉದ್ಯೋಗ ಹೊಸದೇನೂ ಅಲ್ಲ. ನಮ್ಮ ಹಿರಿಯರು ಸಣ್ಣ ಪ್ರಾಯದಲ್ಲೇ ಊರು ಬಿಟ್ಟು ಬಂದು, ಹಗಲು ಹೋಟೆಲಿನಲ್ಲಿ ಕಪ್ಪು ಬಸಿ ತೊಳೆದು, ರಾತ್ರಿ ಶಾಲೆಯಲ್ಲಿ ಕಲಿತು, ಕೊನೆಗೆ ತಮ್ಮದೇ ಗಲ್ಲಾದ ಹಿಂದೆ ಕುಳಿತವರು. ಮಾಟುಂಗಾ ಸ್ಟೇಷನ್ನಿನ ಎದುರು 1942ರಲ್ಲಿ ರಾಮ ನಾಯಕರು ಶುರುಮಾಡಿದ ಉಡುಪಿ ಊಟದ ಮನೆಯ ಹೆಸರು ಗೊತ್ತಿಲ್ಲದ ಮುಂಬಯಿ ಕನ್ನಡಿಗರಿಲ್ಲ. ಆ ಕಥೆಗಳನ್ನೆಲ್ಲ ನಾವು ಹೆಮ್ಮೆಯಿಂದ ಹೇಳುತ್ತೇವೆ. ಆದರೆ ಅದೇ ಕಾಲದಲ್ಲಿ ನಮ್ಮ ಚಾಳುಗಳಲ್ಲಿ ಉಪ್ಪಿನಕಾಯಿ ಹಾಕಿ ಕೊಟ್ಟವರು, ಹಪ್ಪಳ ಲಟ್ಟಿಸಿದವರು, ಮಸಾಲೆ ಹುಡಿ ಕುಟ್ಟಿ ಕೊಟ್ಟವರು, ಊರಿನಿಂದ ಬಂದ ಹುಡುಗರಿಗೆ ತಿಂಗಳ ಲೆಕ್ಕದಲ್ಲಿ ಊಟ ಹಾಕಿದವರು ಎಷ್ಟು ಮಂದಿ ಹೆಂಗಸರು? ಅವರನ್ನು ಯಾರೂ ಉದ್ಯಮಿ ಎನ್ನಲಿಲ್ಲ. "ಕೈ ಕೆಲಸ ಮಾಡಿ ಸ್ವಲ್ಪ ಸಹಾಯ ಮಾಡುತ್ತಿದ್ದಳು" ಎಂದರು. ಆ "ಸ್ವಲ್ಪ ಸಹಾಯ" ಎಂಬ ಮಾತಿನ ಮೇಲೆ ನನಗೆ ಸಿಟ್ಟಿದೆ. ಯಾಕೆಂದು ಮುಂದೆ ಹೇಳುತ್ತೇನೆ.

ಮೊದಲು ಒಳ್ಳೆಯದನ್ನೇ ಹೇಳೋಣ.

ನನ್ನ ಮಗಳು ಶಾಲೆಯಿಂದ ಬರುವಾಗ ಬಾಗಿಲು ತೆರೆಯಲು ನಾನಿದ್ದೆ. ಬೆಳಗಿನ ಲೋಕಲಿನಲ್ಲಿ ನುಗ್ಗಲು ನಾನು ಒದ್ದಾಡಬೇಕಿರಲಿಲ್ಲ. ಕುರ್ಲಾ ಸ್ಟೇಷನ್ನಿನ ಸೇತುವೆಯ ಮೇಲೆ ಬೆಳಗ್ಗೆ ಎಂಟೂವರೆಗೆ ಒಮ್ಮೆ ನಿಂತವರಿಗೆ ಇದು ಎಂಥ ದೊಡ್ಡ ಲಾಭವೆಂದು ಗೊತ್ತು. 1999ರಲ್ಲಿ ನನ್ನವರು ಕೆಲಸ ಮಾಡುತ್ತಿದ್ದ ಕಂಪನಿ ಮುಚ್ಚಿತು. ಏಳು ತಿಂಗಳು ಅವರಿಗೆ ಕೆಲಸವಿರಲಿಲ್ಲ. ಆ ಏಳು ತಿಂಗಳೂ ಹಾಲಿನವನ ಬಾಕಿ, ರೇಷನ್, ಸ್ಕೂಲ್ ಫೀಸು, ಎಲ್ಲವೂ ಆ ಮೆಷಿನಿನಿಂದ ಹೊರಟಿತು. ಯಾರ ಮುಂದೆಯೂ ಕೈ ಚಾಚಲಿಲ್ಲ. ಅಂಥ ದಿನ ರಾತ್ರಿ ಹನ್ನೊಂದಕ್ಕೆ ಮೆಷಿನಿಗೆ ಬಟ್ಟೆ ಮುಚ್ಚಿ ಮಲಗುವಾಗ ಬೆನ್ನು ನೋಯುತ್ತಿತ್ತು, ಮನಸ್ಸು ಮಾತ್ರ ಹಗುರವಾಗಿರುತ್ತಿತ್ತು.

ಇನ್ನೊಂದು ಲಾಭ, ವಿಶ್ವಾಸ. 2005ರ ಜುಲೈ 26 ನಿಮಗೆಲ್ಲ ನೆನಪಿದೆ. ಸಾಂತಾಕ್ರೂಜ್‌ನಲ್ಲಿ ಒಂದೇ ದಿನದಲ್ಲಿ 944 ಮಿಲಿಮೀಟರ್ ಮಳೆ. ಮಿಠಿ ನದಿ ಉಕ್ಕಿ ಕುರ್ಲಾದ ತಗ್ಗಿನ ಭಾಗಗಳೆಲ್ಲ ಮುಳುಗಿದವು. ನಮ್ಮದು ನೆಲಮಹಡಿ. ಸೊಂಟದ ಮಟ್ಟಕ್ಕೆ ನೀರು ಬಂತು. ಮಗಳನ್ನು ಮೇಲಿನ ಮನೆಗೆ ಬಿಟ್ಟು, ಕೈಗೆ ಸಿಕ್ಕ ಬಟ್ಟೆ ಗಂಟುಗಳನ್ನು ಹೊತ್ತುಕೊಂಡು ಮೆಟ್ಟಿಲು ಹತ್ತಿದೆ. ಕೆಳಗಿನ ಕಪಾಟಿನಲ್ಲಿದ್ದ ಹನ್ನೆರಡು ಮನೆಯವರ ಸೀರೆ-ಬಟ್ಟೆ ಉಳಿಯಲಿಲ್ಲ. ಒಬ್ಬಳದು ಮದುವೆಯ ಸೀರೆ. ನನ್ನವರು ಮಾರನೆಯ ದಿನ ದಾದರಿನಿಂದ ನಡೆದುಕೊಂಡು ಮನೆ ಸೇರಿದಾಗ ನಾನು ಕೆಸರು ಮೆತ್ತಿದ ಜರಿಯನ್ನು ಬಕೆಟ್ಟಿನಲ್ಲಿ ಅದ್ದಿ ಅದ್ದಿ ಅಳುತ್ತಿದ್ದೆ.

ನೌಕರಿಯಲ್ಲಿರುವವರ ಆಫೀಸಿಗೆ ನೀರು ನುಗ್ಗಿದರೆ ನಷ್ಟ ಆಫೀಸಿನದು. ಇಲ್ಲಿ ನಷ್ಟ ನನ್ನದು. ವಿಮೆ ಎಂಬುದಿರಲಿಲ್ಲ, ಅಂಥದ್ದು ಮಾಡಿಸಬಹುದು ಎಂಬುದೂ ಗೊತ್ತಿರಲಿಲ್ಲ. ಎರಡು ಬಳೆ ಮಾರಿ ಒಂದೊಂದೇ ಮನೆಗೆ ಹೋಗಿ ದುಡ್ಡು ಕೊಟ್ಟೆ. ಕೆಲವರು ತೆಗೆದುಕೊಂಡರು, ಅದು ಅವರ ಹಕ್ಕು. ಪಕ್ಕದ ಮಾವ್ಶಿ ಮಾತ್ರ ದುಡ್ಡು ಹಿಂದೆ ತಳ್ಳಿ, ಹದಿನೈದು ದಿನ ಬಿಟ್ಟು ಹೊಸ ಬ್ಲೌಸ್ ಪೀಸ್ ತಂದು, "ಅಗ ಪೋರಿ, ಮೆಷಿನ್ ಒಣಗಿತೇನೇ?" ಎಂದು ಕೇಳಿದರು. ದುಡ್ಡು ತೆಗೆದುಕೊಂಡ ಆ ಮದುಮಗಳೂ ಮುಂದೆ ತನ್ನ ಸೀಮಂತದ ಬ್ಲೌಸನ್ನು ನನ್ನ ಕೈಯಲ್ಲೇ ಹೊಲಿಸಿದಳು. ಇದು ಯಾವ ಸಂಬಳದ ಚೀಟಿಯಲ್ಲೂ ಬರುವುದಿಲ್ಲ.

ಇನ್ನು ಕೆಡುಕು. ಅದನ್ನು ಮುಚ್ಚಿಟ್ಟರೆ ಇಲ್ಲಿ ಕುಳಿತ ತಂಗಿಯರಿಗೆ ಮೋಸ ಮಾಡಿದ ಹಾಗೆ.

ಮೊದಲನೆಯದು, ಕೆಲಸಕ್ಕೆ ಬಾಗಿಲೇ ಇಲ್ಲ. ಆಫೀಸಿಗೆ ಬೀಗ ಹಾಕುತ್ತಾರೆ. ಮನೆಯಲ್ಲೇ ಅಂಗಡಿ ಇದ್ದರೆ ಊಟದ ತಟ್ಟೆಯ ಮುಂದೆಯೂ ಗಿರಾಕಿ. ಗಣೇಶ ಚೌತಿಯ ಮುಂಚಿನ ಹತ್ತು ದಿನ ನಮ್ಮ ಮನೆಯಲ್ಲಿ ಅನ್ನ-ಸಾರು ಬಿಟ್ಟು ಬೇರೇನೂ ಆದದ್ದಿಲ್ಲ. ಎಲ್ಲರ ಮನೆಯ ಹಬ್ಬಕ್ಕೆ ಹೊಲಿದು ಕೊಟ್ಟು, ನಮ್ಮ ಮನೆಯ ಹಬ್ಬದ ದಿನ ನಾನು ಹಳೆಯ ಸೀರೆಯಲ್ಲಿ ನಿದ್ದೆಗಣ್ಣಿನಲ್ಲಿರುತ್ತಿದ್ದೆ.

ಎರಡನೆಯದು, ಮಲಗಿದರೆ ಆದಾಯವೂ ಮಲಗುತ್ತದೆ. 1997ರಲ್ಲಿ ಹೆರಿಗೆಗೆ ಊರಿಗೆ ಹೋಗಿ ಮೂರು ತಿಂಗಳ ನಂತರ ಬಂದೆ. ಅಷ್ಟರಲ್ಲಿ ಗಿರಾಕಿಗಳು ಬೇರೆ ಟೈಲರನ್ನು ಹುಡುಕಿಕೊಂಡಿದ್ದರು. ಸೊನ್ನೆಯಿಂದ ಮತ್ತೆ ಶುರು. 2017ರಿಂದ ನೌಕರಿಯಲ್ಲಿರುವ ಹೆಣ್ಣುಮಕ್ಕಳಿಗೆ ಮೊದಲ ಎರಡು ಹೆರಿಗೆಗೆ 26 ವಾರಗಳ ಸಂಬಳ ಸಹಿತ ರಜೆ ಎಂದು ಕಾನೂನಿದೆ. ತುಂಬ ಒಳ್ಳೆಯದು. ಆದರೆ ನಮ್ಮಂಥವರಿಗೆ ಆ ರಜೆ ಕೊಡುವವರು ಯಾರು? ನೌಕರಿಯಲ್ಲಿದ್ದರೆ ಪ್ರಾವಿಡೆಂಟ್ ಫಂಡಿಗೆ ನಾವು ಹಾಕಿದ್ದರ ಜೊತೆ ಮಾಲೀಕನೂ ಹಾಕುತ್ತಾನೆ. ನಮ್ಮಲ್ಲಿ ಮಾಲೀಕರೂ ನಾವೇ, ನೌಕರರೂ ನಾವೇ. ಎರಡು ಪಾಲೂ ನಮ್ಮ ಕೈಯಿಂದಲೇ ಹೋಗಬೇಕು.

ಮೂರನೆಯದು, "ನಮ್ಮವರೇ ಅಲ್ವಾ" ಎಂಬ ಮಾತು. ಅಂಗಡಿಗೆ ಹೋದರೆ ಹೇಳಿದಷ್ಟು ಕೊಟ್ಟು ಬರುವವರು ನಮ್ಮ ಮನೆಗೆ ಬಂದರೆ, "ಅಕ್ಕಾ, ನಮ್ಮವರೇ ಅಲ್ವಾ, ಸ್ವಲ್ಪ ನೋಡಿ ಹೇಳಿ" ಎನ್ನುತ್ತಾರೆ. "ದುಡ್ಡು ಆಮೇಲೆ ಕೊಡುತ್ತೇನೆ, ನೀವು ಮನೆಯಲ್ಲೇ ಇರುತ್ತೀರಲ್ಲ" ಎನ್ನುತ್ತಾರೆ. ನಗಬೇಡಿ, ಇಲ್ಲಿಯೂ ಕೆಲವರು ಕುಳಿತಿದ್ದೀರಿ. ಕೇಳಲು ನನಗೂ ನಾಚಿಕೆ. ಒಂದು ವರ್ಷದ ಕೊನೆಗೆ ಬಾಕಿ ಪುಸ್ತಕ ಕೂಡಿಸಿದರೆ 11,400 ರೂಪಾಯಿ ಬರಬೇಕಿತ್ತು. ಅದೇ ಹೊತ್ತಿಗೆ ನಾನು ನೂಲು-ಲೈನಿಂಗ್ ಅಂಗಡಿಯವನಿಗೆ 3,000 ಬಾಕಿ ಇಟ್ಟಿದ್ದೆ.

ಈ ಮೂರೂ ಕಷ್ಟಗಳನ್ನು ನಾನು ಸಹಿಸಿಕೊಂಡು ಹೋಗುತ್ತಿದ್ದೆ. ಕಣ್ಣು ತೆರೆಸಿದ್ದು ನಾಲ್ಕನೆಯದು.

2013ರಲ್ಲಿ ಮಗಳು ಹತ್ತನೇ ಮುಗಿಸಿ ಕಾಲೇಜು ಸೇರುವ ಫಾರಂ ತುಂಬುತ್ತಿದ್ದಳು. ನಾನು ಅಲ್ಲೇ ಅವಳ ಪಕ್ಕದಲ್ಲಿ ಒಂದು ಬ್ಲೌಸಿಗೆ ಹುಕ್ ಹಾಕುತ್ತಿದ್ದೆ. ತಂದೆಯ ಉದ್ಯೋಗ ಎಂಬಲ್ಲಿ ‘ನೌಕರಿ’ ಎಂದು ಬರೆದಳು. ತಾಯಿಯ ಉದ್ಯೋಗ ಎಂಬಲ್ಲಿ ಒಂದು ಕ್ಷಣವೂ ಯೋಚಿಸದೆ ‘ಗೃಹಿಣಿ’ ಎಂದು ಬರೆದಳು. ತಾಯಿಯ ವಾರ್ಷಿಕ ಆದಾಯದ ಮುಂದೆ ಸೊನ್ನೆ.

ಆ ಫಾರಂ ಜೊತೆ ಕಟ್ಟಬೇಕಿದ್ದ ದುಡ್ಡು ನನ್ನ ಮೆಷಿನಿನ ಡ್ರಾಯರಿನಲ್ಲಿತ್ತು.

"ಇದೇನು ಮಗಾ ಹೀಗೆ ಬರೆದೆ?" ಎಂದು ಕೇಳಿದೆ. ಅವಳು ಗಾಬರಿಯಾಗಿ, "ಮತ್ತೇನು ಬರೆಯುವುದಮ್ಮಾ? ನೀನೇ ಎಲ್ಲರ ಹತ್ತಿರ ‘ನಾನು ಮನೆಯಲ್ಲೇ ಇರುವುದು’ ಎನ್ನುತ್ತೀಯಲ್ಲ. ನಿನಗೆ ಸಂಬಳ ಎಷ್ಟು ಹೇಳು, ಬರೆಯುತ್ತೇನೆ" ಎಂದಳು. ಅವಳಿಗೆ ನನ್ನನ್ನು ಸಣ್ಣದು ಮಾಡುವ ಉದ್ದೇಶವಿರಲಿಲ್ಲ. ಆದರೆ ನನ್ನಲ್ಲಿ ಉತ್ತರವಿರಲಿಲ್ಲ. ಹದಿನೇಳು ವರ್ಷ ದುಡಿದವಳಿಗೆ ತನ್ನ ಸಂಬಳ ಗೊತ್ತಿಲ್ಲ!

ಆ ರಾತ್ರಿ ಮಗಳ ಹಳೆಯ ನೋಟ್‌ಬುಕ್ಕಿನಲ್ಲಿ ಲೆಕ್ಕ ಹಾಕಲು ಕೂತೆ. ಆಗ ಲೈನಿಂಗ್ ಬ್ಲೌಸಿಗೆ 180 ರೂಪಾಯಿ ತೆಗೆದುಕೊಳ್ಳುತ್ತಿದ್ದೆ. ಲೈನಿಂಗ್ ಬಟ್ಟೆ 45, ನೂಲು-ಹುಕ್ 10, ಕರೆಂಟು ಮತ್ತು ಮೆಷಿನ್ ರಿಪೇರಿ ಲೆಕ್ಕಕ್ಕೆ 5. ಉಳಿಯುವುದು 120. ಅಳತೆ, ಕತ್ತರಿಸುವುದು, ಹೊಲಿಯುವುದು, ಹೆಮ್ಮಿಂಗ್, ಹುಕ್, ಆಮೇಲೆ "ತೋಳು ಸ್ವಲ್ಪ ಬಿಗಿ" ಎಂದು ತಂದರೆ ಬಿಚ್ಚಿ ಸರಿಮಾಡುವುದು, ಎಲ್ಲ ಸೇರಿ ಒಂದು ಬ್ಲೌಸಿಗೆ ಸುಮಾರು ನಾಲ್ಕು ಗಂಟೆ. ಅಂದರೆ ಗಂಟೆಗೆ 30 ರೂಪಾಯಿ. ಆಗ ನಮ್ಮ ಗಲ್ಲಿಯ ಮೂಲೆಯಲ್ಲಿ ವಡಾಪಾವ್‌ಗೆ 10 ರೂಪಾಯಿ. ನನ್ನ ಒಂದು ಗಂಟೆಯ ಬೆಲೆ ಮೂರು ವಡಾಪಾವ್! ಅದರಲ್ಲೂ ಬಾಕಿ ಕೊಡದವರನ್ನು ಕಳೆದರೆ ಎರಡೂವರೆ.

ನನಗೆ ಅಮ್ಮನ ಮಲ್ಲಿಗೆ ನೆನಪಾಯಿತು. ಅಮ್ಮನ ಹೂವಿಗೆ ದರ ಕಟ್ಟುವವರು ಬೇರೆಯವರಿದ್ದರು. ನನ್ನ ಕೆಲಸಕ್ಕೆ ದರ ಹೇಳುವವಳು ನಾನೇ ಆಗಿದ್ದೆ. ಆದರೂ ನನ್ನ ದರವನ್ನು ನಾನೇ ಇಳಿಸಿಕೊಂಡು ಕೂತಿದ್ದೆ. ಯಾರನ್ನು ದೂರಲಿ?

ಹಾಗೆ ಹುಡುಕುತ್ತಾ ಹೋದಾಗ ನಮ್ಮ ಈ ಊರಿನ ಹೆಂಗಸರ ಕಥೆಗಳೇ ನನಗೆ ಪಾಠವಾದವು. 1959ರ ಮಾರ್ಚ್ 15ರಂದು ಗಿರ್‌ಗಾಂವ್‌ನ ಒಂದು ಕಟ್ಟಡದ ತಾರಸಿಯ ಮೇಲೆ ಏಳು ಮಂದಿ ಗುಜರಾತಿ ಹೆಂಗಸರು 80 ರೂಪಾಯಿ ಸಾಲದಲ್ಲಿ ಹಪ್ಪಳ ಲಟ್ಟಿಸಿದರು. ಮೊದಲ ದಿನ ಆದದ್ದು ನಾಲ್ಕು ಪ್ಯಾಕೆಟ್. ಅದೇ ಮುಂದೆ ಲಿಜ್ಜತ್ ಪಾಪಡ್ ಆಯಿತು. ಅವರಲ್ಲಿ ಒಬ್ಬರಾದ ಜಸ್ವಂತಿಬೆನ್ ಪೋಪಟ್ ಅವರಿಗೆ 2021ರಲ್ಲಿ ಪದ್ಮಶ್ರೀ ಬಂತು. ಆದರೆ ನನಗೆ ಮುಖ್ಯವಾಗಿ ಕಂಡದ್ದು ಬೇರೆ. ನಷ್ಟವಾದರೂ ಸರಿ, ಯಾರಿಂದಲೂ ದಾನ ತೆಗೆದುಕೊಳ್ಳಬಾರದು ಎಂದು ಅವರು ಶುರುವಿನಲ್ಲೇ ತೀರ್ಮಾನಿಸಿದ್ದರು. ಲಟ್ಟಿಸಿದ ತೂಕಕ್ಕೆ ತಕ್ಕ ಕೂಲಿಗೆ ‘ವಣಾಯಿ’ ಎಂಬ ಹೆಸರೇ ಅಲ್ಲಿದೆ. ಹಪ್ಪಳ ಲಟ್ಟಿಸುವುದಕ್ಕೆ ಕೂಲಿ ಇದೆ, ಆ ಕೂಲಿಗೊಂದು ಹೆಸರಿದೆ! ನನ್ನ ಲೆಕ್ಕದಲ್ಲಿ ನೂಲಿಗೆ ಬೆಲೆ ಇತ್ತು, ಹುಕ್ಕಿಗೆ ಬೆಲೆ ಇತ್ತು, ನನ್ನ ಕೈಗೆ ಹೆಸರೇ ಇರಲಿಲ್ಲ.

ಹಾಗೆಯೇ ಗಿರಣಗಾಂವ್‌ನ ಖಾನಾವಳಿಯ ಹೆಂಗಸರು. ಮಿಲ್ಲಿನ ಕಾರ್ಮಿಕರಿಗೆ ಮನೆಯಲ್ಲೇ ಅಡುಗೆ ಮಾಡಿ ಹಾಕುತ್ತಾ, ಬಡ್ಡಿಯವನ ಸಾಲದಲ್ಲಿ ಅಕ್ಕಿ-ಬೇಳೆ ತಂದು ಒದ್ದಾಡುತ್ತಿದ್ದವರು. 1975ರಲ್ಲಿ ಪ್ರೇಮಾ ಪುರವ್ ಅವರು ಅಂಥವರನ್ನು ಸೇರಿಸಿ ಅನ್ನಪೂರ್ಣಾ ಮಹಿಳಾ ಮಂಡಲ ಕಟ್ಟಿದರು, ಬ್ಯಾಂಕಿನಿಂದ ಸಾಲ ಕೊಡಿಸಿದರು. 1972ರಲ್ಲಿ ಅಹಮದಾಬಾದಿನಲ್ಲಿ ಇಳಾ ಭಟ್ ಅವರು ಸ್ವಂತ ದುಡಿಮೆಯ ಹೆಂಗಸರಿಗಾಗಿ ‘ಸೇವಾ’ ಎಂಬ ಕಾರ್ಮಿಕ ಸಂಘವನ್ನು ನೋಂದಾಯಿಸಲು ಹೋದಾಗ, ಇವರಿಗೆ ಮಾಲೀಕನೇ ಇಲ್ಲವಲ್ಲ, ಇದು ಕಾರ್ಮಿಕ ಸಂಘ ಹೇಗಾಗುತ್ತದೆ ಎಂಬ ತಕರಾರು ಬಂತಂತೆ. ಸಂಘ ಇರುವುದು ಮಾಲೀಕನ ವಿರುದ್ಧ ಮಾತ್ರವಲ್ಲ, ದುಡಿಯುವವರ ಒಗ್ಗಟ್ಟಿಗಾಗಿ ಎಂದು ಅವರು ವಾದಿಸಿ ಗೆದ್ದರು. ಎರಡು ವರ್ಷದಲ್ಲಿ ಸುಮಾರು 4,000 ಹೆಂಗಸರು ತಲಾ 10 ರೂಪಾಯಿ ಹಾಕಿ ತಮ್ಮದೇ ಬ್ಯಾಂಕ್ ಕಟ್ಟಿಕೊಂಡರು. ಇವರೆಲ್ಲರೂ ಮೊದಲು ಮಾಡಿದ್ದು ಒಂದೇ ಕೆಲಸ: ನಾವು ಮಾಡುತ್ತಿರುವುದು ‘ಸ್ವಲ್ಪ ಸಹಾಯ’ ಅಲ್ಲ, ದುಡಿಮೆ ಎಂದು ತಾವೇ ಒಪ್ಪಿಕೊಂಡದ್ದು.

ನಾನೂ ಒಪ್ಪಿಕೊಂಡೆ. ಅಂದರೆ ಏನು ಮಾಡಿದೆ? ಮಗಳಿಂದ ಚೆಂದದ ಅಕ್ಷರದಲ್ಲಿ ಒಂದು ದರಪಟ್ಟಿ ಬರೆಸಿ ಗೋಡೆಗೆ ಅಂಟಿಸಿದೆ. ಅರ್ಧ ದುಡ್ಡು ಮುಂಗಡ, ಉಳಿದದ್ದು ಬಟ್ಟೆ ಒಯ್ಯುವಾಗ ಎಂದು ಕೆಳಗೆ ಬರೆಸಿದೆ. ಮಧ್ಯಾಹ್ನ ಒಂದರಿಂದ ಮೂರು ಬಾಗಿಲು ಮುಚ್ಚಿದೆ. ಬ್ಯಾಂಕಿನಲ್ಲಿ ನನ್ನ ಹೆಸರಿನಲ್ಲಿ ಬೇರೆ ಖಾತೆ ತೆರೆದು, ತಿಂಗಳ ಒಂದನೇ ತಾರೀಕು ಅದರಿಂದ ನನಗೆ ‘ಸಂಬಳ’ ಎಂದು ತೆಗೆಯುವುದು ರೂಢಿ ಮಾಡಿಕೊಂಡೆ. ಮೊದಲ ತಿಂಗಳ ಸಂಬಳ 6,000 ರೂಪಾಯಿ. ಪುಸ್ತಕದಲ್ಲಿ ಅದನ್ನು ಬರೆಯುವಾಗ, ನಿಜ ಹೇಳುತ್ತೇನೆ, ಕೈ ನಡುಗಿತು.

ಪರಿಣಾಮ? ಎಂಟು ಮನೆಯವರು ನನ್ನನ್ನು ಬಿಟ್ಟರು. "ಈಗ ಇವಳಿಗೆ ಧಿಮಾಕು ಬಂತು" ಎಂಬ ಮಾತು ನನ್ನ ಕಿವಿಗೂ ಬಿತ್ತು. ಆ ಎರಡು ತಿಂಗಳು ನಿದ್ದೆ ಇರಲಿಲ್ಲ. ತಪ್ಪು ಮಾಡಿದೆನೇನೋ ಎಂದು ದರಪಟ್ಟಿ ಹರಿದು ಹಾಕಲು ಒಮ್ಮೆ ಎದ್ದೂ ಇದ್ದೆ. "ಇನ್ನೊಂದು ತಿಂಗಳು ನೋಡು" ಎಂದರು ನನ್ನವರು. ಎಂಟರಲ್ಲಿ ಐದು ಮನೆಯವರು ವಾಪಸ್ ಬಂದರು. ಮೂವರು ಬರಲೇ ಇಲ್ಲ, ಅವರಲ್ಲಿ ಒಬ್ಬರು ನನಗೆ ತುಂಬ ಬೇಕಾದವರು. ಆ ನೋವು ಇನ್ನೂ ಇದೆ. ಬೆಲೆ ಹೇಳಿದರೆ ಎಲ್ಲರೂ ಮೆಚ್ಚುತ್ತಾರೆ ಎಂದು ನಾನು ನಿಮಗೆ ಸುಳ್ಳು ಹೇಳುವುದಿಲ್ಲ.

2017ರಲ್ಲಿ ಅಮ್ಮನಿಗೆ ಹುಷಾರು ತಪ್ಪಿತು. ಮತ್ಸ್ಯಗಂಧಾ ಹತ್ತಿ ಹೊರಟೆ, ನಲವತ್ತು ದಿನ ಊರಿನಲ್ಲಿದ್ದೆ. ಯಾರ ಹತ್ತಿರವೂ ರಜೆ ಕೇಳಬೇಕಿರಲಿಲ್ಲ. ಆ ನಲವತ್ತು ದಿನ ಒಂದು ರೂಪಾಯಿ ಬರಲೂ ಇಲ್ಲ. ಆದರೆ ಈ ಸಲ ನನ್ನ ಖಾತೆಯಲ್ಲಿ ಅದಕ್ಕೆಂದೇ ತೆಗೆದಿಟ್ಟ ದುಡ್ಡಿತ್ತು. ಅಮ್ಮನ ಪಕ್ಕ ಕೂತು ಒಂದು ದಿನ ಕೇಳಿದೆ, "ಅಮ್ಮಾ, ಇಷ್ಟು ವರ್ಷ ಮಲ್ಲಿಗೆ ಕಟ್ಟಿದೆಯಲ್ಲ, ನಿನಗೆ ಗಂಟೆಗೆ ಎಷ್ಟು ಕೂಲಿ ಬಿದ್ದಿರಬಹುದು?" ಅಮ್ಮ ನಕ್ಕು, "ಲೆಕ್ಕ ಹಾಕಿದ್ದರೆ ಗಿಡ ಕಿತ್ತು ಬಿಸಾಡುತ್ತಿದ್ದೆ ಮಗಾ. ಆದರೆ ದುಡ್ಡು ನನ್ನ ಕೈಗೇ ಬರುತ್ತಿತ್ತು. ನಿನ್ನ ಹೊಲಿಗೆ ಕ್ಲಾಸಿಗೆ ನಾನು ಯಾರ ಅಪ್ಪಣೆಯನ್ನೂ ಕೇಳಲಿಲ್ಲ" ಎಂದಳು. ನಾನು ಹೇಳುವ ಲಾಭ-ನಷ್ಟವೆಲ್ಲ ಆ ಮಾತಿನೊಳಗೆ ಇದೆ ಎಂದು ನನಗೆ ಅನಿಸುತ್ತದೆ.

2020ರ ಮಾರ್ಚಿನಲ್ಲಿ ಲಾಕ್‌ಡೌನ್ ಬಂತು. ಮದುವೆಗಳು ನಿಂತವು, ಲೋಕಲ್ ನಿಂತಿತು, ಎರಡು ತಿಂಗಳು ಒಂದು ಬ್ಲೌಸೂ ಬರಲಿಲ್ಲ. ಉಳಿದಿದ್ದ ಕಾಟನ್ ಲೈನಿಂಗ್ ತೆಗೆದು ಮಾಸ್ಕ್ ಹೊಲಿಯಲು ಕೂತೆ. ನಮ್ಮ ಕಟ್ಟಡದವರು, ಎದುರಿನ ಕಟ್ಟಡದವರು, ಆಮೇಲೆ ಔಷಧ ಅಂಗಡಿಯವರು ತೆಗೆದುಕೊಂಡರು. ಆ ಹೊತ್ತಿನಲ್ಲಿ ಕೆಲಸ ಕಳೆದುಕೊಂಡ ಇಬ್ಬರು ಪಕ್ಕದ ಹೆಂಗಸರು ನನ್ನ ಜೊತೆ ಸೇರಿದರು. ಈಗ ಮೂವರಿದ್ದಾರೆ. ಒಬ್ಬರು ಓವರ್‌ಲಾಕ್ ನೋಡಿಕೊಳ್ಳುತ್ತಾರೆ, ಇಬ್ಬರು ಹೆಮ್ಮಿಂಗ್ ಮತ್ತು ಹುಕ್ಕಿನ ಕೆಲಸವನ್ನು ಮನೆಗೆ ಒಯ್ದು ಮಾಡಿ ತರುತ್ತಾರೆ.

ಅಧ್ಯಕ್ಷೆ ಅಕ್ಕ ಗಡಿಯಾರ ನೋಡುತ್ತಿದ್ದಾರೆ. ಆದರೂ ಹೇಳಲು ನಾಚಿಕೆಯಾಗುವ ಒಂದು ಸಂಗತಿ ಹೇಳಿಯೇ ಮುಗಿಸುತ್ತೇನೆ.

ಕಳೆದ ವರ್ಷ ಅವರಲ್ಲೊಬ್ಬಳು ಬಂದು ನಿಂತಳು. ಮರಾಠಿಯವಳು, ನನ್ನನ್ನು ‘ತಾಯಿ’ ಎನ್ನುತ್ತಾಳೆ. ಮರಾಠಿಯಲ್ಲಿ ಅಕ್ಕನಿಗೆ ಹಾಗೆನ್ನುತ್ತಾರೆ, ನಮ್ಮ ಕಿವಿಗೆ ಅಮ್ಮ ಎಂದು ಕರೆದ ಹಾಗೆ ಕೇಳಿಸುತ್ತದೆ. "ತಾಯಿ, ಎರಡು ವರ್ಷದಿಂದ ಒಂದು ಬ್ಲೌಸಿನ ಹುಕ್ಕು-ಹೆಮ್ಮಿಂಗಿಗೆ 25 ರೂಪಾಯಿಯೇ ಕೊಡುತ್ತಿದ್ದೀರಿ. ಸ್ವಲ್ಪ ಹೆಚ್ಚು ಮಾಡಿ" ಎಂದಳು. ನನ್ನ ಬಾಯಿಂದ ಥಟ್ಟನೆ ಬಂದ ಮಾತು ಇದು: "ಮನೆಯಲ್ಲಿ ಟಿವಿ ನೋಡುತ್ತಾ ಕೂತು ಮಾಡುವ ಕೆಲಸ ತಾನೇ?"

ಅವಳು ಏನೂ ಹೇಳಲಿಲ್ಲ. ಗಂಟು ಎತ್ತಿಕೊಂಡು ಹೋದಳು. ನಾನು ಮೆಷಿನ್ ನಿಲ್ಲಿಸಿ ಕೂತೆ. ಯಾವ ಮಾತಿಗೆ ಇಷ್ಟು ವರ್ಷ ಸಿಟ್ಟು ಮಾಡಿಕೊಂಡಿದ್ದೆನೋ ಅದೇ ಮಾತನ್ನು ನಾನೇ ಆಡಿದ್ದೆ. ಅವಳ ಮನೆಯ ಫಾರಂಗಳಲ್ಲೂ ಯಾರೋ ‘ಗೃಹಿಣಿ’ ಎಂದು ಬರೆಯುತ್ತಿರಬೇಕು, ಸೊನ್ನೆ ಹಾಕುತ್ತಿರಬೇಕು. ಮಾರನೆಯ ದಿನ ಅವಳನ್ನು ಕರೆದು, ನನ್ನ ಅದೇ ಹಳೆಯ ನೋಟ್‌ಬುಕ್ ತೆರೆದು ಜೊತೆಗೆ ಕೂತು ಲೆಕ್ಕ ಹಾಕಿದೆ. ಒಂದು ಬ್ಲೌಸಿಗೆ ಅವಳಿಗೆ ಮುಕ್ಕಾಲು ಗಂಟೆ. 25ನ್ನು 40 ಮಾಡಿದೆ. ಆ 15 ರೂಪಾಯಿಯಲ್ಲಿ 10 ದರಪಟ್ಟಿಗೆ ಹೋಯಿತು, 5 ನನ್ನ ಲಾಭದಿಂದ ಹೋಯಿತು. ಅವಳಿಗೂ ಒಂದು ನೋಟ್‌ಬುಕ್ ಕೊಟ್ಟೆ. ಮೊದಲ ಪುಟದಲ್ಲಿ ಅವಳ ಹೆಸರು, ಕೆಳಗೆ ಅವಳ ಕೆಲಸ ಬರೆಯಲು ಹೇಳಿದೆ.

ಕೊನೆಯದಾಗಿ, ಸ್ವಂತ ಉದ್ಯೋಗ ಶುರುಮಾಡಿರುವ, ಮಾಡಬೇಕೆಂದಿರುವ ತಂಗಿಯರಿಗೆ ನಾನು ಪೆಟ್ಟು ತಿಂದು ಕಲಿತ ನಾಲ್ಕು ಮಾತು.

ಒಂದು, ಸಾಮಾನಿನ ಖರ್ಚಿನ ಜೊತೆಗೆ ನಿಮ್ಮ ಗಂಟೆಗಳನ್ನೂ ಬರೆಯಿರಿ. ಬರೆಯದ ಗಂಟೆಗೆ ಯಾರೂ ದುಡ್ಡು ಕೊಡುವುದಿಲ್ಲ.

ಎರಡು, ಮನೆಯ ದುಡ್ಡು, ಕೆಲಸದ ದುಡ್ಡು ಬೇರೆಯಿರಲಿ. ಆದಾಯ ಕಡಿಮೆಯಿದ್ದರೂ ಪ್ಯಾನ್ ಕಾರ್ಡ್ ಮಾಡಿಸಿ, ತೆರಿಗೆ ರಿಟರ್ನ್ ಸಲ್ಲಿಸಿ. ತೆರಿಗೆ ಕಟ್ಟುವಷ್ಟು ಆದಾಯವಿಲ್ಲದಿರಬಹುದು, ಆದರೆ ನಾಳೆ ಸಾಲ ಕೇಳಿದಾಗ ಬ್ಯಾಂಕಿನವರು ಮೊದಲು ಕೇಳುವುದು ಆ ಕಾಗದವನ್ನೇ. ಉದ್ಯಮ್ ನೋಂದಣಿಗೆ ಸರಕಾರ ಶುಲ್ಕ ತೆಗೆದುಕೊಳ್ಳುವುದಿಲ್ಲ, ದುಡ್ಡು ಕೇಳುವ ಮಧ್ಯವರ್ತಿಗಳ ಬಲೆಗೆ ಬೀಳಬೇಡಿ. 2015ರಿಂದ ಮುದ್ರಾ ಯೋಜನೆಯ ‘ಶಿಶು’ ವಿಭಾಗದಲ್ಲಿ 50,000 ರೂಪಾಯಿವರೆಗೆ ಅಡವಿಲ್ಲದೆ ಸಾಲ ಸಿಗುತ್ತದೆ.

ಮೂರು, ನಿಮಗೆ ಪ್ರಾವಿಡೆಂಟ್ ಫಂಡ್ ಕಟ್ಟುವ ಮಾಲೀಕನಿಲ್ಲ ಎಂಬುದನ್ನು ಮರೆಯಬೇಡಿ. ಅಂಚೆ ಕಚೇರಿಯಲ್ಲೋ ಬ್ಯಾಂಕಿನಲ್ಲೋ ಪಿಪಿಎಫ್ ಖಾತೆ ತೆರೆಯಿರಿ. ವರ್ಷಕ್ಕೆ 500 ರೂಪಾಯಿ ಹಾಕಿದರೂ ಖಾತೆ ನಡೆಯುತ್ತದೆ, ಹದಿನೈದು ವರ್ಷಕ್ಕೆ ಕೈಗೆ ಬರುತ್ತದೆ. ಆರೋಗ್ಯ ವಿಮೆ ಮಾಡಿಸಿ. ಗಿರಾಕಿಯ ಸಾಮಾನು ನೆಲದಿಂದ ನಾಲ್ಕಡಿ ಮೇಲಿಡಿ. ಕುರ್ಲಾದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ನಾಲ್ಕು, ನಿಮ್ಮ ಕೈಕೆಳಗೆ ಒಬ್ಬರು ಬಂದ ದಿನ, ನಿಮಗೆ ಬೇರೆಯವರು ಆಡಿದ ಮಾತುಗಳನ್ನು ನೆನಪಿಟ್ಟುಕೊಳ್ಳಿ.

ಈ ಸಭೆಗೆ ಹೊರಡುವ ಮೊದಲು ಮಗಳು ಮೊಮ್ಮಗನ ನರ್ಸರಿ ಫಾರಂ ತುಂಬುತ್ತಿದ್ದಳು. ಅಜ್ಜಿಯ ಉದ್ಯೋಗ ಕೇಳುವ ಕಾಲಂ ಅದರಲ್ಲಿರಲಿಲ್ಲ. "ಇದ್ದಿದ್ದರೆ ಏನು ಬರೆಯುತ್ತಿದ್ದೆ?" ಎಂದು ಕೇಳಿದೆ. ಅವಳು ತಲೆ ಎತ್ತದೆಯೇ, "ಟೈಲರ್. ಸಂಬಳ ಎಷ್ಟು ಎಂದು ನಿನ್ನನ್ನೇ ಕೇಳುತ್ತಿದ್ದೆ" ಎಂದಳು.

ಈಗ ಕೇಳಿದರೆ ನನಗೆ ಉತ್ತರ ಗೊತ್ತಿದೆ.

ನನ್ನ ಬಾಕಿ ಉಳಿಸಿಕೊಂಡವರು ಯಾರಾದರೂ ಇದ್ದರೆ ಚಹಾದ ಹೊತ್ತಿಗೆ ಸಿಗಿ.